ಊಹೂಂ ಅಕ್ಕನ ಮೂಗು

ಆಡಿನ ಹಾಲು ಕೊಂಡು ಚೀಸ್ ಮಾಡುವ ಆ ಸಣ್ಣ ಕಾರ್ಖಾನೆಯ ಗೇಟು ದಾಟಿದರೆ, ಬಲಗಡೆ ತಗಡಿನ ಮಾಡಿನ ಕೆಳಗೆ ಒಂದು ಮರದ ಸ್ಟೂಲು ಇತ್ತು. ಬೆಳಗಿನ ಹೊತ್ತು ಅದರ ಮೇಲೆ ಕೂರುತ್ತಿದ್ದ ಹೆಂಗಸಿನ ಕೆಲಸ ಏನೆಂದು ಹೇಳಿದರೆ ಹೊಸಬರು ನಗುತ್ತಿದ್ದರು. ಅವಳ ಕೆಲಸ ಮೂಸುವುದು. ಸುತ್ತಲಿನ ಬೀದಿಗಳಿಂದ ಹೆಂಗಸರು ಹಾಲಿನ ಕ್ಯಾನು ಹೊತ್ತು ಬಂದು ಸಾಲಾಗಿ ನಿಲ್ಲುವರು. ಅವಳು ಮುಚ್ಚಳ ತೆಗೆದು, ಕಣ್ಣು ಮುಚ್ಚಿ, ಕ್ಯಾನಿನ ಬಾಯಿಗೆ ಮೂಗು ತಂದು ಒಂದೇ ಒಂದು ಉಸಿರು ಎಳೆಯುವಳು. ಆಮೇಲೆ ‘ಹೂಂ’ ಅನ್ನುವಳು, ಇಲ್ಲವೇ ‘ಊಹೂಂ’ ಅನ್ನುವಳು. ಹೂಂ ಅಂದ ಹಾಲು ಒಳಗಿನ ತೊಟ್ಟಿಗೆ, ಊಹೂಂ ಅಂದ ಹಾಲು ಬಂದ ದಾರಿಗೆ. ಎದುರಿಗೆ ಎಲ್ಲರೂ ಅವಳನ್ನು ಅಕ್ಕ ಅನ್ನುತ್ತಿದ್ದರು, ಬೆನ್ನ ಹಿಂದೆ ಊಹೂಂ ಅಕ್ಕ. ಅದು ಅವಳಿಗೂ ಗೊತ್ತಿತ್ತು. ಒಳಗೊಳಗೇ ಸ್ವಲ್ಪ ಜಂಬವೂ ಇತ್ತು.

ಆಡಿನ ಹಾಲು ಹಸುವಿನ ಹಾಲಿನಷ್ಟು ಸಾಧು ಅಲ್ಲ. ಹತ್ತಿರ ಹೋತ ಕಟ್ಟಿದ್ದರೆ ಅದರ ನಾತವನ್ನು ಹೀರಿಕೊಳ್ಳುತ್ತದೆ. ಆಡು ಏನು ತಿಂದಿತು ಅನ್ನುವುದನ್ನೂ ಹೇಳಿಬಿಡುತ್ತದೆ, ಆಡು ಮುಟ್ಟದ ಸೊಪ್ಪಿಲ್ಲ ಅಂದಮೇಲೆ ಹೇಳುವುದಕ್ಕೆ ಅದಕ್ಕೇನು ಬರ? ಮೇಲಾಗಿ, ಚೀಸ್ ಮಾಡುವ ಮೇಸ್ತ್ರಿ ಹಾಲನ್ನು ಕಾಯಿಸುತ್ತಿರಲಿಲ್ಲ. ಯಾರಾದರೂ ಯಾಕೆಂದು ಕೇಳಿದರೆ, “ಕಾಯಿಸಿದ್ರೆ ಹಾಲಲ್ಲಿರೋರೆಲ್ಲ ಸತ್ತು ಹೋಗ್ತಾರೆ. ಆಮೇಲೆ ಚೀಸ್ ಯಾರು ಮಾಡ್ತಾರೆ, ನಾನಾ?” ಅನ್ನುತ್ತಿದ್ದ. ಹಾಲಲ್ಲಿರೋರು ಅಂದರೆ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಹಾಲನ್ನು ಹುಳಿ ಮಾಡುವವರು, ಪರಿಮಳ ಹಿಡಿಸುವವರು, ಏನೂ ಮಾಡದೆ ಉಂಡಾಡಿಗಳಾಗಿ ಇರುವವರು, ಸಮಯ ಸಿಕ್ಕರೆ ಮನೆ ಹಾಳುಮಾಡುವವರು, ಎಲ್ಲರೂ ಒಂದೇ ಕ್ಯಾನಿನಲ್ಲಿ ಇರುತ್ತಾರೆ. ನಮ್ಮ ನಿಮ್ಮ ಬೀದಿಯಲ್ಲಿ ಇಲ್ಲವೇ, ಹಾಗೆ. ಆ ಬೀದಿಗೆ ಯಾರನ್ನು ಬಿಡಬೇಕು, ಯಾರನ್ನು ಬಿಡಬಾರದು ಅನ್ನುವುದು ಅಕ್ಕನ ಮೂಗಿನ ಮೇಲೆ ನಿಂತಿತ್ತು.

ಮೂಗು ಅಂದರೆ ಅಂಥಿಂಥ ಮೂಗಲ್ಲ. ನಿನ್ನೆ ಕರೆದ ಹಾಲನ್ನು ಇವತ್ತಿನದರ ಜೊತೆ ಬೆರೆಸಿ ತಂದರೆ ಗೊತ್ತಾಗುತ್ತಿತ್ತು. ಕ್ಯಾನು ತೊಳೆದ ನೀರು ಪೂರ್ತಿ ಆರಿಲ್ಲದಿದ್ದರೆ ಗೊತ್ತಾಗುತ್ತಿತ್ತು. ಅವಳ ಗಂಡ ಬೀಗ ರಿಪೇರಿಯವನು, ಮಾತು ಕಡಿಮೆ. ಅವನು ದಾರಿಯಲ್ಲಿ ಯಾರ ಜೊತೆ ಕೂತು ಬೀಡಿ ಸೇದಿದ ಅನ್ನುವುದನ್ನು ಅವನು ಹೊಸಿಲು ದಾಟುವ ಮೊದಲೇ ಹೇಳುತ್ತಿದ್ದಳು. ಓದು ಇಲ್ಲ, ಆಸ್ತಿ ಇಲ್ಲ, ಮಕ್ಕಳಾಗಲಿಲ್ಲ. ದೇವರು ಕೈ ಬಿಚ್ಚಿ ಕೊಟ್ಟದ್ದು ಇದೊಂದೇ ಅಂತ ಅವಳು ನಂಬಿದ್ದಳು, ಊರೂ ನಂಬಿತ್ತು.

ಒಂದು ಚಳಿಗಾಲದ ಕೊನೆಗೆ ಅಕ್ಕನಿಗೆ ಜ್ವರ ಬಂತು. ಬಂದ ಜ್ವರ ಬೇಗ ಬಿಡಲಿಲ್ಲ. ಆ ದಿನಗಳಲ್ಲಿ ಅವಳ ಹಾಸಿಗೆ ಪಕ್ಕ ಕೂತು ಹಣೆಗೆ ಒದ್ದೆ ಬಟ್ಟೆ ಹಾಕಿದವಳು ನಾದಿನಿ, ಅಂದರೆ ಗಂಡನ ತಂಗಿ. ಅದೇ ಬೀದಿಯ ಕೊನೆಯಲ್ಲಿ, ಚರಂಡಿ ತಿರುಗುವ ಮೂಲೆಯಲ್ಲಿ ಅವಳ ಮನೆ. ಗಂಡ ಸತ್ತಮೇಲೆ ಆಡುಗಳೇ ಅವಳಿಗೆ ಮನೆಮಂದಿ. ಅವು ದೊಡ್ಡಿಯಿಂದ ಸೀದಾ ಅಡುಗೆಮನೆಗೆ ಬರುತ್ತಿದ್ದವು, ಮರಿಗಳು ಅವಳ ಹಾಸಿಗೆಯಲ್ಲೇ ಮಲಗುತ್ತಿದ್ದವು. ಮೊಣಕಾಲು ಮುಟ್ಟುವ ಜಡೆ, ಅದರಲ್ಲಿ ಯಾವಾಗಲೂ ಎರಡು ಹುಲ್ಲುಕಡ್ಡಿ. ಕೆಚ್ಚಲನ್ನು ಒಣ ಹುಲ್ಲಿನಿಂದ ಒರೆಸಿ, ಅದೇ ಕೈಯಲ್ಲಿ ಹಾಲು ಕರೆಯುವಳು. ಕೊಳಕಿ ಅಂತ ಊರಿಗೆಲ್ಲ ಗೊತ್ತಿತ್ತು, ಆದರೆ ಕೆಟ್ಟವಳು ಅಂತ ಒಬ್ಬರೂ ಅಂದದ್ದಿಲ್ಲ. ಹಾಗಿದ್ದರೂ ಅವಳ ಹಾಲಿಗೆ ಅಕ್ಕ ಎಂದೂ ಊಹೂಂ ಅಂದಿರಲಿಲ್ಲ. ‘ಇವಳ ಮನೆ ನೋಡಿದ್ರೆ ಹಾಲು ಕುಡಿಯೋಕೆ ಮನಸ್ಸು ಬರಲ್ಲ, ಹಾಲು ಮೂಸಿದ್ರೆ ಬಿಡೋಕೆ ಮನಸ್ಸು ಬರಲ್ಲ’ ಅಂತ ತಮಾಷೆ ಮಾಡುತ್ತಿದ್ದಳು.

ಜ್ವರ ಬಿಟ್ಟಿತು. ಬಿಟ್ಟು ಹೋಗುವಾಗ ಮೂಗನ್ನೂ ಜೊತೆಗೆ ಕರೆದುಕೊಂಡು ಹೋಯಿತು.

ಅದು ಗೊತ್ತಾದದ್ದು ಅಡುಗೆಮನೆಯಲ್ಲಿ. ಅಕ್ಕ ಒಲೆಯ ಮೇಲೆ ಬೇಳೆ ಇಟ್ಟು, ಅದಕ್ಕೆ ಬೆನ್ನು ಹಾಕಿ ಬೆಳ್ಳುಳ್ಳಿ ಸುಲಿಯುತ್ತಾ ಕೂತಿದ್ದಳು. ಹೊರಗಿಂದ ಗಂಡ ಓಡಿ ಬಂದ.

“ಏನೇ ಇದು, ಸೀದ ವಾಸನೆ ಬೀದಿವರೆಗೂ ಬರ್ತಿದೆ, ನೀನು ಒಲೆ ಪಕ್ಕದಲ್ಲೇ ಕೂತಿದ್ದೀಯ!”

ಅಕ್ಕ ತಿರುಗಿ ನೋಡಿದಳು. ಪಾತ್ರೆಯಿಂದ ಕಪ್ಪು ಹೊಗೆ ಏಳುತ್ತಿತ್ತು. “ಏನೋ ಯೋಚನೆ ಮಾಡ್ತಿದ್ದೆ” ಅಂದಳು. ಗಂಡ ಪಾತ್ರೆ ಇಳಿಸಿ, ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. ಅವನು ಹೊರಗೆ ಹೋದಮೇಲೆ ಅವಳು ಸುಲಿದ ಬೆಳ್ಳುಳ್ಳಿಯನ್ನು ಜಜ್ಜಿ ಮೂಗಿಗೆ ಹಿಡಿದಳು. ಸೀಮೆಎಣ್ಣೆ ಡಬ್ಬಿಯ ಬಿರಡೆ ತೆಗೆದು ಮೂಸಿದಳು. ಗಂಡನ ಬೆವರಿನ ಅಂಗಿಯಲ್ಲಿ ಮುಖ ಇಟ್ಟಳು. ಎಲ್ಲವೂ ಒಂದೇ ಆಗಿತ್ತು, ಬರೀ ಗಾಳಿ.

ಇಂದು ಬರುತ್ತದೆ, ನಾಳೆ ಬರುತ್ತದೆ ಅಂತ ಕಾದಳು. ಮೇಸ್ತ್ರಿಯ ಹತ್ತಿರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿಬಿಡಬಹುದಿತ್ತು. ಆದರೆ ಹೇಳಿದರೆ ಸ್ಟೂಲು ಹೋಗುತ್ತದೆ. ಸ್ಟೂಲು ಹೋದರೆ ಅವಳು ಯಾರು? ಬೀಗದವನ ಹೆಂಡತಿ, ಅಷ್ಟೇ. ಅದೂ ಅಲ್ಲದೆ ಹಾಲು ಪರೀಕ್ಷೆಗೆ ಅಂತ ಒಬ್ಬ ಹುಡುಗಿ ಆಗಷ್ಟೇ ಬಂದು ಹಿಂದಿನ ಕೋಣೆಯಲ್ಲಿ ಗಾಜಿನ ಸೀಸೆ, ಸೂಕ್ಷ್ಮದರ್ಶಕ ಎಲ್ಲ ಜೋಡಿಸಿಕೊಂಡಿದ್ದಳು. ಎಲ್ಲರೂ ಅವಳನ್ನು ಲ್ಯಾಬಿನ ಹುಡುಗಿ ಅನ್ನುತ್ತಿದ್ದರು. ಪಾಪ, ಅವಳು ಅಕ್ಕನನ್ನು ಕಂಡರೆ ಎದ್ದು ನಿಲ್ಲುತ್ತಿದ್ದಳು. ಆದರೂ ಅವಳ ಸೀಸೆಗಳನ್ನು ನೋಡಿದಾಗಲೆಲ್ಲ ಅಕ್ಕನಿಗೆ ತನ್ನ ಸ್ಟೂಲು ನೆನಪಾಗುತ್ತಿತ್ತು. ಹಾಗಾಗಿ ಬಾಯಿ ಮುಚ್ಚಿಕೊಂಡು ಸ್ಟೂಲಿನ ಮೇಲೆ ಹೋಗಿ ಕೂತಳು.

ಮೊದಲ ಕೆಲವು ದಿನ ಎಲ್ಲದಕ್ಕೂ ಹೂಂ ಅಂದಳು. ಸಾಲಿನಲ್ಲಿದ್ದ ಹೆಂಗಸರು ಮುಸಿಮುಸಿ ನಕ್ಕರು. “ಜ್ವರ ಬಂದ ಮೇಲೆ ಅಕ್ಕ ಬಹಳ ಸಾಧು ಆಗ್ಬಿಟ್ಟಿದ್ದಾರೆ ಕಣ್ರೇ” ಅಂದಳು ಒಬ್ಬಳು. ಯಾರಿಗೂ ಊಹೂಂ ಅನ್ನದ ಮೂಗು ಇದ್ದರೆಷ್ಟು, ಬಿಟ್ಟರೆಷ್ಟು? ಯಾರಿಗಾದರೂ ಊಹೂಂ ಅನ್ನಲೇಬೇಕಿತ್ತು. ಯಾರಿಗೆ?

ಅಂದಿನಿಂದ ಅಕ್ಕ ಹಾಲು ಮೂಸುವುದನ್ನು ಬಿಟ್ಟು ಜನರನ್ನು ಮೂಸತೊಡಗಿದಳು. ಕಣ್ಣು ಮುಚ್ಚುವ ಮೊದಲು ಓರೆಗಣ್ಣಲ್ಲಿ ಒಮ್ಮೆ ನೋಡುವಳು: ಉಗುರಿನ ಸಂದಿ, ಕ್ಯಾನಿನ ತಳ, ಕಾಲಿನ ಕೆಸರು. ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲುತ್ತಿದ್ದವಳು ಬಿಳಿಬಟ್ಟೆಯಮ್ಮ. ಹಾಲು ಕರೆಯುವ ಮೊದಲು ಒಂದು ಬೆಳ್ಳನೆ ಬಟ್ಟೆಯನ್ನು ನೀರಲ್ಲಿ ಹಿಂಡಿ ಪ್ರತಿ ಆಡಿನ ಕೆಚ್ಚಲನ್ನೂ ಒರೆಸುತ್ತಿದ್ದಳು, ಆ ಬಟ್ಟೆಯ ಬಿಳುಪಿನಿಂದಲೇ ಅವಳಿಗೆ ಆ ಹೆಸರು. ಅವಳ ಕ್ಯಾನಿನಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ಅವಳಿಗೆ ಹೂಂ. ಸಾಲಿನ ಕೊನೆಗೆ, ಜಡೆಯಲ್ಲಿ ಹುಲ್ಲುಕಡ್ಡಿ ಸಿಕ್ಕಿಸಿಕೊಂಡು ನಿಂತವಳು ನಾದಿನಿ. ಹೊರಗಿನವರಿಗೆ ಊಹೂಂ ಅಂದರೆ ಜಗಳಕ್ಕೆ ಬರುತ್ತಾರೆ, ವಾದ ಮಾಡುತ್ತಾರೆ, ಲ್ಯಾಬಿನ ಹುಡುಗಿಯನ್ನು ಕರೆಯಿರಿ ಅನ್ನುತ್ತಾರೆ. ಮನೆಯವಳಿಗೆ ಅಂದರೆ ಅವಳು ಮಾತಾಡುವುದಿಲ್ಲ, ನೋಡಿದವರು ‘ಅಕ್ಕನಿಗೆ ತನ್ನವರು ಬೇರೆಯವರು ಅಂತಿಲ್ಲ’ ಅನ್ನುತ್ತಾರೆ.

“ಊಹೂಂ” ಅಂದಳು ಅಕ್ಕ.

ನಾದಿನಿ ನಂಬಲಿಲ್ಲ. “ನನ್ನದಾ ಅತ್ತಿಗೆ? ಏನು ವಾಸನೆ?”

“ಹೋತದ್ದು.”

“ಹೋತನ್ನ ಆ ಕಡೆ ಕಟ್ಟಿದ್ದೀನಲ್ಲ.”

“ನಾನು ಸುಳ್ಳು ಹೇಳ್ತೀನಾ?”

ನಾದಿನಿ ಕ್ಯಾನು ಎತ್ತಿಕೊಂಡು ಹೋದಳು. ಹೋತವನ್ನು ಮಾರಿಬಿಟ್ಟಳು. ಸ್ವಲ್ಪ ದಿನ ಅವಳ ಹಾಲು ಒಳಗೆ ಹೋಯಿತು. ಮತ್ತೆ ಯಾರಿಗಾದರೂ ಊಹೂಂ ಅನ್ನಬೇಕಾದ ದಿನ ಬಂತು, ಮತ್ತೆ ಅವಳಿಗೇ ಅಂದಳು. “ಹುಲ್ಲಿನ ಮುಗ್ಗಲು ವಾಸನೆ” ಅಂದಳು. ನಾದಿನಿ ಹಳೆ ಹುಲ್ಲನ್ನೆಲ್ಲ ಸುಟ್ಟು ಹೊಸದು ತಂದಳು. ಮತ್ತೂ ಊಹೂಂ. ಕ್ಯಾನು ಬದಲಾಯಿಸಿದಳು. ಮತ್ತೂ ಊಹೂಂ. ಸುಳ್ಳಿಗೂ ಒಂದು ಚಟ ಇರುತ್ತದೆ. ಒಂದು ಸಲ ಯಾರ ತಲೆಗೆ ಕಟ್ಟಿತೋ ಮತ್ತೆ ಮತ್ತೆ ಅದೇ ತಲೆಯನ್ನು ಹುಡುಕಿಕೊಂಡು ಬರುತ್ತದೆ.

ಕೊನೆಗೆ ಒಂದು ಬೆಳಿಗ್ಗೆ ನಾದಿನಿ ಸಾಲು ಬಿಟ್ಟು ಸ್ಟೂಲಿನ ಹತ್ತಿರ ಬಂದು ನಿಂತಳು. ಕೂಗಾಡಲಿಲ್ಲ, ನಿಧಾನವಾಗಿಯೇ ಕೇಳಿದಳು. “ಹೋತ ಇಲ್ಲ, ಹಳೆ ಹುಲ್ಲಿಲ್ಲ, ಕ್ಯಾನು ಹೊಸದು. ಇನ್ನೇನು ವಾಸನೆ ಹೇಳಿ ಅತ್ತಿಗೆ. ಹೇಳಿದ್ರೆ ಸರಿ ಮಾಡ್ಕೊತೀನಿ.”

ಅಕ್ಕನ ಹತ್ತಿರ ಕಾರಣಗಳು ಮುಗಿದಿದ್ದವು. ಸಾಲಿನಲ್ಲಿದ್ದವರೆಲ್ಲ ಕಿವಿ ನಿಮಿರಿಸಿಕೊಂಡಿದ್ದರು. ಒಳಗಿನ ಬಾಗಿಲಲ್ಲಿ ಲ್ಯಾಬಿನ ಹುಡುಗಿ ಬಂದು ನಿಂತದ್ದೂ ಕಂಡಿತು. ಭಯಕ್ಕೆ ಸಿಟ್ಟಿನ ವೇಷ ಹಾಕುವುದು ಬಲು ಸುಲಭ.

“ನಿನ್ನ ಕೈ ವಾಸನೆ ಕಣೇ!” ಅಂದಳು ಅಕ್ಕ. “ಹಾಲಲ್ಲಿ ಏನೂ ಇಲ್ಲ, ಆಡಲ್ಲೂ ಏನೂ ಇಲ್ಲ. ನೀನೇ ನಾರ್ತೀಯ. ಮುಟ್ಟಿದ್ದೆಲ್ಲ ನಾರುತ್ತೆ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಯಾರೋ ಕಿಸಕ್ಕನೆ ನಕ್ಕರು. ನಾದಿನಿ ತನ್ನ ಎರಡು ಅಂಗೈಗಳನ್ನು ಒಮ್ಮೆ ನೋಡಿಕೊಂಡಳು, ಮೆಲ್ಲಗೆ ಬೆನ್ನ ಹಿಂದೆ ಮರೆಮಾಡಿಕೊಂಡಳು. ಮತ್ತೆ ಕ್ಯಾನು ಎತ್ತಿಕೊಳ್ಳುವುದಕ್ಕೆ ಕೈ ಹೊರಗೆ ತೆಗೆಯಲೇಬೇಕಾಯಿತು.

ಅಂದು ಊಟಕ್ಕೆ ಕೂತಾಗ ಗಂಡ ಕೇಳಿದ. “ಇವತ್ತೂ ತಂಗಿ ಹಾಲು ವಾಪಸ್ಸಾ?”

“ಹೂಂ.”

ಅವನು ಎತ್ತಿದ ತುತ್ತನ್ನು ಮತ್ತೆ ತಟ್ಟೆಗೆ ಇಟ್ಟ. ಆ ಊಟಕ್ಕೆ ಉಪ್ಪು ಎರಡು ಸಲ ಬಿದ್ದಿತ್ತು. ಮೂಗು ಹೋದವರಿಗೆ ನಾಲಿಗೆಯೂ ಅರ್ಧ ಹೋಗಿರುತ್ತದೆ, ಅದು ಅವನಿಗೆ ಗೊತ್ತಿಲ್ಲದೆ ಏನಿಲ್ಲ. ಸೀದ ಬೇಳೆಯ ದಿನದಿಂದಲೇ ಗೊತ್ತಿತ್ತು. ಹೆಂಡತಿಯ ಮರ್ಯಾದೆ ಒಂದು ಕಡೆ, ತಂಗಿಯ ಹಾಲು ಒಂದು ಕಡೆ. ಅವನು ನೀರು ಕುಡಿದು ಎದ್ದುಹೋದ.

ಆಮೇಲೆ ನಾದಿನಿ ಸಾಲಿಗೆ ಬರಲಿಲ್ಲ. ಬೇಸಿಗೆ ಮುಗಿಯುವ ಹೊತ್ತಿಗೆ ಆಡುಗಳನ್ನೆಲ್ಲ ಕಟುಕನಿಗೆ ಕೊಟ್ಟಳಂತೆ ಅಂತ ಯಾರೋ ಅಂದರು. ಅದನ್ನು ಕೇಳಿದಾಗ ಅಕ್ಕನಿಗೆ ಮೊದಲು ಆದದ್ದು ಸಮಾಧಾನ. ಹೌದು, ಸಮಾಧಾನ. ದಿನಾ ಬೆಳಿಗ್ಗೆ ಆ ಮುಖ ನೋಡುವುದು ತಪ್ಪಿತಲ್ಲ ಅಂತ. ಅದರ ಹಿಂದೆಯೇ ನಾಚಿಕೆಯೂ ಬಂತು, ಆದರೆ ನಾಚಿಕೆ ತಡವಾಗಿ ಬಂದ ನೆಂಟ, ಅಷ್ಟು ಹೊತ್ತಿಗೆ ಅಡುಗೆಮನೆ ಮುಚ್ಚಿರುತ್ತದೆ. ಅವಳು ನಾದಿನಿಯ ಮನೆ ಕಡೆ ಹೋಗಲಿಲ್ಲ.

ಮಳೆ ಹಿಡಿದಾಗ ಕಾರ್ಖಾನೆಯಲ್ಲಿ ಎಡವಟ್ಟು ಶುರುವಾಯಿತು. ಚೀಸ್ ಮಾಗಲು ಇಡುವ ತಣ್ಣನೆ ಕೋಣೆಯಲ್ಲಿ, ಹಲಗೆಗಳ ಮೇಲಿನ ಗಟ್ಟಿಗಳು ಹೊಟ್ಟೆ ಉಬ್ಬರಿಸಿದ ಹಾಗೆ ಊದಿಕೊಂಡು ಬಿರಿದವು. ಬಿರಿಯದೆ ಉಳಿದವನ್ನು ಕೊಯ್ದು ಬಾಯಿಗಿಟ್ಟರೆ ಸೀಮೆಸುಣ್ಣದ ರುಚಿ. ಮೇಸ್ತ್ರಿ ತಲೆ ಮೇಲೆ ಕೈ ಹೊತ್ತು ಕೂತ. ಲ್ಯಾಬಿನ ಹುಡುಗಿ ಒಂದೊಂದು ಮನೆಯ ಹಾಲನ್ನೂ ಬೇರೆ ಬೇರೆ ಪರೀಕ್ಷೆ ಮಾಡಿ, ಆಮೇಲೆ ಮೇಸ್ತ್ರಿಯನ್ನೂ ಅಕ್ಕನನ್ನೂ ಕೂರಿಸಿಕೊಂಡು ಹೇಳಿದಳು.

“ಕೆಟ್ಟ ಜೀವಿಗಳು ಬಂದಿರೋದು ಬಿಳಿಬಟ್ಟೆಯಮ್ಮನ ಹಾಲಿಂದ. ಒಂದು ಆಡಿಗೆ ಕೆಚ್ಚಲು ಬಾವು ಆಗಿದೆ. ಅವರು ಒಂದೇ ಒದ್ದೆ ಬಟ್ಟೇಲಿ ಎಲ್ಲ ಆಡನ್ನೂ ಒರೆಸ್ತಾರೆ. ಒಂದರದ್ದು ಎಲ್ಲಕ್ಕೂ ಹಬ್ಬಿದೆ.”

ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತ ಹಿರಿಯರು ಸುಮ್ಮನೆ ಅಂದರೇ? ಮೇಸ್ತ್ರಿ ಅಕ್ಕನ ಕಡೆ ತಿರುಗಿದ. “ನಿಮ್ಮ ಮೂಗಿಗೆ ಸಿಗಲಿಲ್ವಾ ಅಕ್ಕಾ?”

ಅಷ್ಟರಲ್ಲಿ ಹುಡುಗಿಯೇ, “ಪಾಪ, ಎಲ್ಲಕ್ಕೂ ಮೊದಲೇ ವಾಸನೆ ಇರಲ್ಲ ಸಾರ್” ಅಂದಳು. ಅಕ್ಕ ಬಚಾವಾದಳು. ಆದರೆ ಹುಡುಗಿ ಅಲ್ಲಿಗೆ ನಿಲ್ಲಿಸಲಿಲ್ಲ.

“ಇನ್ನೊಂದು ವಿಷಯ. ನಾನು ಬಂದ ಹೊಸದರಲ್ಲಿ ಎಲ್ಲರ ಹಾಲೂ ಸ್ವಲ್ಪ ಸ್ವಲ್ಪ ತೆಗೆದು ಫ್ರೀಜರಲ್ಲಿ ಇಟ್ಟಿದ್ದೆ, ವಾಪಸ್ ಹೋದದ್ದೂ ಸೇರಿಸಿ. ನಮ್ಮ ಚೀಸಿಗೆ ರುಚಿ ಕೊಡ್ತಾ ಇದ್ದ ಜೀವಿಗಳಿದ್ದಾವಲ್ಲ, ಅವು ಬೇರೆ ಯಾರ ಹಾಲಲ್ಲೂ ಅಷ್ಟಿಲ್ಲ. ಎಲ್ಲ ಅಕ್ಕನ ನಾದಿನಿ ಹಾಲಲ್ಲಿವೆ. ಅವರು ಆಡಿನ ಜೊತೇಲೇ ಇರ್ತಾರೆ, ಒಣ ಹುಲ್ಲಲ್ಲಿ ಒರೆಸ್ತಾರೆ. ಹುಲ್ಲಲ್ಲಿ, ಆಡಿನ ಮೈಯಲ್ಲಿ, ಅವರ ಕೈಯಲ್ಲಿ ಬೆಳ್ಕೊಂಡು ಬಂದಿರೋ ಸಂಸಾರ ಅದು. ಒಬ್ಬರು ಇನ್ನೊಬ್ಬರನ್ನ ಕಾಯ್ತಾರೆ, ಕೆಟ್ಟೋರಿಗೆ ಜಾಗ ಬಿಡಲ್ಲ. ಸೀಸೇಲಿ ಇಟ್ಟಿರೋದನ್ನ ಎಬ್ಬಿಸೋಕೆ ನೋಡಿದೆ, ಆ ಸಂಸಾರ ಪೂರ್ತಿ ಏಳ್ತಾ ಇಲ್ಲ. ಅವರ ಹಾಲೇ ಬೇಕು.”

“ಅವರ ಕೈಯಲ್ಲಿ” ಅನ್ನುವ ಮಾತು ಅಕ್ಕನಿಗೆ ಎಲ್ಲಿ ನಾಟಬೇಕೋ ಅಲ್ಲೇ ನಾಟಿತು. ಮೇಸ್ತ್ರಿ ಎದ್ದು ನಿಂತ. “ಹೋಗಿ ಕರ್ಕೊಂಡು ಬನ್ನಿ ಅಕ್ಕಾ. ನಿಮ್ಮ ನಾದಿನಿ ತಾನೆ? ಆಡು ನಾವೇ ಕೊಡಿಸ್ತೀವಿ. ಇನ್ಮೇಲೆ ವಾಸನೆ ಇಲ್ಲ ಅಂತ ಹೇಳಿ, ಸಾಕು.”

ದಾರಿಯುದ್ದಕ್ಕೂ ಅಕ್ಕ ಅದನ್ನೇ ಬಾಯಿಪಾಠ ಮಾಡಿದಳು. ಎಲ್ಲ ಸರಿಹೋಯಿತು ಬಾರೇ ಅಂದರೆ ಮುಗಿಯಿತು. ಆಡು ಬರುತ್ತವೆ, ಚೀಸ್ ಬರುತ್ತದೆ, ಸ್ಟೂಲು ಉಳಿಯುತ್ತದೆ, ಯಾರೂ ಏನೂ ಕೇಳುವುದಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಬೀದಿಯ ಕೊನೆಯ ಮನೆಯ ಬಾಗಿಲು ತೆರೆದೇ ಇತ್ತು. ಅಕ್ಕ ತಪ್ಪು ಮನೆಗೆ ಬಂದೆನೇನೋ ಅಂದುಕೊಂಡಳು. ನೆಲ ಉಜ್ಜಿ ಉಜ್ಜಿ ಬಣ್ಣ ಹೋಗಿತ್ತು. ಗೋಡೆಗೆ ಸುಣ್ಣ ಬಳಿದಿತ್ತು. ಹಾಸಿಗೆ ಇರಲಿಲ್ಲ, ಬರೀ ಚಾಪೆ. ಹಿಂದಿನ ದೊಡ್ಡಿ ಖಾಲಿ, ಅಲ್ಲಿನ ಮಣ್ಣನ್ನೂ ಕೆರೆದು ತೆಗೆದಿದ್ದರು. ಒಳಗಿಂದ ನಾದಿನಿ ಬಂದಳು. ಮೊಣಕಾಲು ಮುಟ್ಟುತ್ತಿದ್ದ ಜಡೆ ಇರಲಿಲ್ಲ. ಕೂದಲನ್ನು ಬುಡಕ್ಕೆ ಕತ್ತರಿಸಿಕೊಂಡಿದ್ದಳು.

“ಏನೇ ಇದು?” ಅಂದಳು ಅಕ್ಕ. ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಗಿತ್ತು.

“ಕೂದಲಲ್ಲಿ ವಾಸನೆ ನಿಲ್ಲುತ್ತೆ ಅಂತ ಯಾರೋ ಅಂದ್ರು ಅತ್ತಿಗೆ. ಹಾಸಿಗೆ ಸುಟ್ಟುಬಿಟ್ಟೆ.” ನಾದಿನಿ ಬಾಗಿಲ ಹತ್ತಿರ ಬರಲಿಲ್ಲ, ಆಚೆ ಗೋಡೆಗೆ ಅಂಟಿಕೊಂಡೇ ಮಾತಾಡಿದಳು. “ನನಗೆ ನನ್ನ ವಾಸನೆ ಗೊತ್ತೇ ಆಗಲ್ಲ ನೋಡಿ. ಅದಕ್ಕೇ ಯಾರ ಮನೆಗೂ ಹೋಗ್ತಿಲ್ಲ. ಅಂಗಡೀಲಿ ಜನ ಕಡಿಮೆ ಆದ್ಮೇಲೆ ಹೋಗಿ ಬರ್ತೀನಿ.”

ಆಮೇಲೆ ಏನೋ ಧೈರ್ಯ ಮಾಡಿದವಳಂತೆ ಹತ್ತಿರ ಬಂದು ಎರಡು ಕೈಗಳನ್ನೂ ಮುಂದೆ ಚಾಚಿದಳು. “ನೀವೇ ಬಂದಿದ್ದು ಒಳ್ಳೇದಾಯ್ತು. ನಿಮ್ಮಷ್ಟು ಸರಿಯಾಗಿ ಯಾರು ಹೇಳ್ತಾರೆ? ನೋಡಿ ಅತ್ತಿಗೆ. ಈಗಲಾದ್ರೂ ಹೋಗಿದ್ಯಾ?”

ಸೋಡಾ ಪುಡಿಯಲ್ಲಿ ಉಜ್ಜಿ ಉಜ್ಜಿ ಆ ಕೈಗಳ ಚರ್ಮ ಸುಲಿದು ಕೆಂಪಾಗಿತ್ತು. ಬೆರಳ ಗಿಣ್ಣುಗಳಲ್ಲಿ ಬಿರುಕು. ಅಕ್ಕ ಆ ಕೈಗಳನ್ನು ಹಿಡಿದು ಮೂಗಿನ ಹತ್ತಿರ ತಂದಳು, ಅಭ್ಯಾಸಬಲದಿಂದ ಕಣ್ಣು ಮುಚ್ಚಿದಳು. ಬರೀ ಗಾಳಿ. ಹೂಂ, ಹೋಗಿದೆ ಅಂದರೆ ಸಾಕಿತ್ತು. ಆ ಮಾತು ನಾಲಿಗೆಯ ತುದಿಗೂ ಬಂತು. ಆದರೆ ಜ್ವರದಲ್ಲಿ ಹಣೆಯ ಮೇಲೆ ಒದ್ದೆ ಬಟ್ಟೆ ಇಟ್ಟ ಕೈ ಇದೇ, ಒರಟಾಗಿ, ಬೆಚ್ಚಗೆ ಇದ್ದ ಕೈ. ಅಕ್ಕನಿಗೆ ಅಳು ನುಗ್ಗಿ ಬಂತು.

“ನನಗೆ ವಾಸನೆ ಬರಲ್ಲ ಕಣೇ. ಜ್ವರ ಬಂದಾಗಲೇ ಹೋಯ್ತು. ಹೋತದ್ದೂ ಸುಳ್ಳು, ಹುಲ್ಲಿಂದೂ ಸುಳ್ಳು. ನಿನ್ನ ಕೈಗೆ ಯಾವ ವಾಸನೇನೂ ಇರಲಿಲ್ಲ. ಕೆಲಸ ಹೋಗುತ್ತೆ ಅಂತ ಹೆದರಿ ನಿನ್ನ ತಲೆಗೆ ಕಟ್ಟಿದೆ. ನಾನು ಪಾಪಿ.”

ನಾದಿನಿ ಕೈಗಳನ್ನು ಮೆಲ್ಲಗೆ ಬಿಡಿಸಿಕೊಂಡಳು.

“ಇನ್ನೂ ಹೋಗಿಲ್ಲ ಅಲ್ವಾ ಅತ್ತಿಗೆ?” ಅಂದಳು. “ನನಗೆ ಬೇಜಾರಾಗಬಾರದು ಅಂತ ಹೀಗೆ ಹೇಳ್ತಿದ್ದೀರಿ. ನಿಮ್ಮ ಮೂಗು ಹೋಗೋದು ಅಂದ್ರೇನು, ನನಗೆ ಗೊತ್ತಿಲ್ವಾ?” ಒಳಗೆ ಹೋಗಿ ಬಚ್ಚಲ ಕೊಳಾಯಿ ತಿರುಗಿಸಿದಳು. ಅಕ್ಕ ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕೂಗಿದರೂ ಹೊರಗೆ ಬರಲಿಲ್ಲ.

ಮರುದಿನ ಅಕ್ಕ ಸಾಲಿನ ಮುಂದೆ ನಿಂತು ಎಲ್ಲರಿಗೂ ಕೇಳುವ ಹಾಗೆ ಇದ್ದದ್ದನ್ನು ಹೇಳಿದಳು. ಬೈದವರು ಬೈದರು, ಒಂದಿಬ್ಬರು ಅತ್ತರು, ಬಿಳಿಬಟ್ಟೆಯಮ್ಮ ಮುಖ ತಿರುಗಿಸಿಕೊಂಡಳು. ಮೇಸ್ತ್ರಿ ಸ್ಟೂಲನ್ನು ಒಳಗೆ ಒಯ್ದ. ಲ್ಯಾಬಿನ ಹುಡುಗಿ ನಾದಿನಿಯ ಮನೆಗೆ ಹೋಗಿ ಮತ್ತೆ ಮತ್ತೆ ಹೇಳಿಬಂದಳು. ನಾದಿನಿ ಎಲ್ಲವನ್ನೂ ಕೇಳಿಸಿಕೊಂಡು ತಲೆಯಾಡಿಸಿದಳು, ಆದರೆ ಆಡು ಮಾತ್ರ ಬೇಡ ಅಂದಳು. ಆ ಕಾರ್ಖಾನೆಯ ಚೀಸಿಗೆ ಹಳೆಯ ರುಚಿ ಮತ್ತೆ ಬರಲಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ, ಆ ಕೆಸರನ್ನು ತಾವೇ ತೊಳೆಸಿ ಕಳೆದಿದ್ದರಲ್ಲ.

ಕೊನೆಗೆ ಬೀಗದವನೇ ಒಂದು ಸಂಜೆ ತಂಗಿಯ ಮನೆಗೆ ಹೋದ. ಹೊಸಿಲ ಮೇಲೆ ಕೂತು, ಜೀವಮಾನದಲ್ಲಿ ಆಡದಷ್ಟು ಮಾತಾಡಿದ. “ನನಗೆ ಮೊದಲಿಂದ ಗೊತ್ತಿತ್ತು ಕಣಮ್ಮ. ಬಾಯಿ ಬಿಡಲಿಲ್ಲ. ನಿನ್ನಲ್ಲಿ ಯಾವ ವಾಸನೆಯೂ ಇಲ್ಲ, ನನ್ನ ಮಾತನ್ನಾದ್ರೂ ನಂಬು” ಅಂದ.

“ಆಯ್ತಣ್ಣ, ನಂಬಿದೆ” ಅಂದಳು ತಂಗಿ. ಒಳಗೆ ಹೋಗಿ ಟೀ ಮಾಡಿ ತಂದಳು. ಅವನು ಲೋಟಕ್ಕೆ ಕೈ ಚಾಚಿದ. ಅವಳು ಅದನ್ನು ಅವನ ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟು, ಹಿಂದೆ ಸರಿದು ಗೋಡೆಯ ಹತ್ತಿರ ಹೋಗಿ ನಿಂತಳು.